ಮೀನಖಂಡ ಅದುರಿದ ಮಾತ್ರಕ್ಕೆ
20ರ ಹರೆಯದಲ್ಲಿ ಮೀನಖಂಡ ಪಟಪಟ ಅದುರಿದರೆ ಸಾಕು, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆಯ ಹೆಸರು ಹಿಡಿದು, ರಾತ್ರಿಯಿಡೀ ಮೊಬೈಲಲ್ಲಿ ‘ಎಎಲ್‌ಎಸ್’ ಹುಡುಕುತ್ತಾ ಕೂರುವವರಿದ್ದಾರೆ. ಪಾಪ, ಆ ಭಯ ನಿಜವಾದದ್ದೇ. ಆದರೆ ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 55ರಿಂದ 75ರ ವಯಸ್ಸಿನಲ್ಲಿ. ಅದರ ಮುಖ್ಯ ಗುರುತು ಬಲ ಹೋಗುವುದು: ಅಂಗಿ ಗುಂಡಿ ಹಾಕಲು ಬೆರಳು ಬಾರದು, ಪಾದ ಮೇಲೇಳದೆ ಎಡವುತ್ತದೆ, ಮಾತು ತೊದಲುತ್ತದೆ, ಹೆಬ್ಬೆರಳ ಬುಡದ ಮಾಂಸ ಕರಗುತ್ತದೆ. ಇವುಗಳಲ್ಲಿ ಒಂದು ಕಂಡರೂ ನರರೋಗ ತಜ್ಞರನ್ನು ನೋಡಿ. ಅವರು ಹಿಮ್ಮಡಿಯ ಮೇಲೆ, ತುದಿಗಾಲಲ್ಲಿ ನಡೆಸುತ್ತಾರೆ, ಮಂಡಿ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾರೆ, ಬೇಕೆನಿಸಿದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಮಾಡಿಸುತ್ತಾರೆ. ಬರೀ ಅದುರುವಿಕೆಗೆ ನಿದ್ದೆಗೇಡು, ಅತಿ ಕಾಫಿ, ದಣಿವು, ಆತಂಕಗಳೇ ಸಾಮಾನ್ಯ ಕಾರಣ. ದಿನಕ್ಕೆ ಹತ್ತು ಸಲ ಸ್ನಾಯು ಒತ್ತಿ ನೋಡಿದರೆ ಅದು ನೋಯುತ್ತದೆ, ಆ ನೋವೇ ಹೊಸ ಲಕ್ಷಣದಂತೆ ಹೆದರಿಸುತ್ತದೆ.