ಚಾಕು ಪೆಟ್ಟಿಗೆಯಲ್ಲೇ ಉಳಿದ ದಿನ

ವನ್ಯಜೀವಿ ವೈದ್ಯಕೀಯದಲ್ಲಿ ಸ್ನಾತಕೋತ್ತರ ಓದು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಹುಲಿಗೆ ಇಂಜೆಕ್ಷನ್ ಕೊಡ್ತೀರಾ?" ಅರಿವಳಿಕೆ ಬಂದೂಕಿನ ಪಾಠ ಇದೆ, ನಿಜ. ಆದರೆ ನನಗೆ ಈ ಓದು ಏನೆಂದು ಅರ್ಥವಾದದ್ದು ಸತ್ತ ಕಾಟಿಯೊಂದರ ಪಕ್ಕದಲ್ಲಿ.

ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು, ಹೆಪ್ಪುಗಟ್ಟಿರಲಿಲ್ಲ. ಸತ್ತು ಗಂಟೆಗಳಾಗಿದ್ದರೂ ಕಾಲು ಪೂರ್ತಿ ಸೆಟೆದಿರಲಿಲ್ಲ. ನಾವು ಗ್ಲೌಸ್ ಹಾಕಿಕೊಂಡು ಮರಣೋತ್ತರ ಪರೀಕ್ಷೆಗೆ ಸಿದ್ಧರಾದೆವು. ಮೇಷ್ಟ್ರು ಮೂಗಿನ ಕಡೆ ಕೈ ತೋರಿಸಿ, "ಪೆಟ್ಟಿಗೆ ಮುಚ್ಚಿ. ಇದನ್ನ ಕೊಯ್ಯೋ ಹಾಗಿಲ್ಲ" ಅಂದರು.

ಅಂತ್ರಾಕ್ಸ್ ಅನುಮಾನ, ಮೇಯುವ ಪ್ರಾಣಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ರೋಗ. ಹೆಣ ಮುಚ್ಚಿದ್ದಷ್ಟು ಹೊತ್ತು ಒಳಗಿನ ರೋಗಾಣುಗಳು ಕೊಳೆತದ ಜೊತೆಗೇ ಬಹುಮಟ್ಟಿಗೆ ಸಾಯುತ್ತವೆ. ಕೊಯ್ದರೆ ಗಾಳಿ ತಾಗಿ ಗಟ್ಟಿ ಕವಚದ ಬೀಜಕಗಳಾಗುತ್ತವೆ (ಸ್ಪೋರ್). ಅವು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತವೆ. ಒಂದು ಪ್ರಾಣಿ ಯಾಕೆ ಸತ್ತಿತು ಅಂತ ನೋಡಲು ಹೋಗಿ ಆ ಜಾಗದಲ್ಲಿ ಮೇಯುವ ಇನ್ನೆಷ್ಟೋ ಪ್ರಾಣಿಗಳನ್ನು ಸಾಯಿಸಬಹುದು.

ಕಿವಿಯ ರಕ್ತನಾಳ ಚುಚ್ಚಿ, ಒಂದೇ ಹನಿ ಗಾಜಿನ ಮೇಲೆ ಎಳೆದೆವು. ಫಾರ್ಮಲಿನ್‌ನಲ್ಲಿ ನೆನೆಸಿದ ಹತ್ತಿಯನ್ನು ಮೂಗು, ಬಾಯಿ, ಗುದದ್ವಾರಕ್ಕೆ ತುರುಕಿದೆವು. ಅಷ್ಟೇ. ಹೆಣ ಕಾಯಲು ಇಬ್ಬರು ಗಾರ್ಡ್‌ಗಳು ನಿಂತರು. ಸಂಜೆ ಲ್ಯಾಬಿನಲ್ಲಿ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಚೌಕ ತುದಿಯ ನೀಲಿ ಕಡ್ಡಿಗಳು ಸರಪಳಿಯಾಗಿ ಕೂತಿದ್ದವು. ಸುತ್ತ ತೆಳು ಗುಲಾಬಿ ಅಂಚು. ಅಂತ್ರಾಕ್ಸೇ. ಪುಸ್ತಕದ ಚಿತ್ರಕ್ಕಿಂತ ಚಂದ ಕಾಣ್ತಿತ್ತು. ಹಾಗೆ ಹೇಳಬಾರದೇನೋ!

ಮರುದಿನ ಹೆಣವನ್ನು ಎಳೆದಾಡದೆ, ಬಿದ್ದಲ್ಲೇ ಸುಟ್ಟರು. ಬೆಂಕಿ ನೋಡುತ್ತಾ ಮೇಷ್ಟ್ರು ರಣಹದ್ದುಗಳ ಕಥೆ ತೆಗೆದರು. ದನದ ನೋವಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸುತ್ತದೆ ಎಂದು ಗೊತ್ತಾದದ್ದು 2004ರಲ್ಲಿ. 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಷೇಧಿಸಿತು. "ದನಕ್ಕೆ ಸರಿಯಾದ ಚಿಕಿತ್ಸೆಯೇ ಅದು, ಅಲ್ವಾ?" ಅಂದರು. ದನದ ಡಾಕ್ಟರಾಗಿದ್ದ ನನಗೆ ಆ ಮಾತು ತುಂಬಾ ಹೊತ್ತು ಕೊರೆಯಿತು.

ಆಮೇಲಿನ ಕೆಲಸವೆಲ್ಲ ಕಾಡಿನ ಹೊರಗೆ. ಅಂಚಿನ ಹಳ್ಳಿಗಳಲ್ಲಿ ಯಾರ ದನ ಒಳಗೆ ಮೇಯಲು ಹೋಗುತ್ತದೆ ಅಂತ ಪಟ್ಟಿ ಮಾಡಿ ಲಸಿಕೆ ಹಾಕಿದೆವು. ಲಸಿಕೆಯಲ್ಲಿರುವುದು ಜೀವಂತ ಬೀಜಕ, ಆಂಟಿಬಯಾಟಿಕ್ ಮೈಯಲ್ಲಿದ್ದರೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಆಂಟಿಬಯಾಟಿಕ್ ಕೊಟ್ಟ ದನಗಳನ್ನು ಬೇರೆ ಬರೆದಿಟ್ಟು ಆಮೇಲೆ ಹೋಗಬೇಕಾಯಿತು.