ಬೇರೆ ರಾಜ್ಯದವರು ನಮ್ಮ ಬ್ಯಾಂಕ್ ಕೊಂಡರೆ ಯಾರ ಕಾನೂನು ನಡೆಯುತ್ತೆ?

ಅಮೆರಿಕದಲ್ಲಿರುವ ಗೆಳೆಯರಿಗೆ ಆಗಾಗ ಬ್ಯಾಂಕಿನಿಂದ ಪತ್ರ ಬರುತ್ತೆ: ನಾವು ಇಂಥ ಬ್ಯಾಂಕಿನ ಜೊತೆ ವಿಲೀನವಾಗುತ್ತಿದ್ದೇವೆ ಅಂತ. ಕೊಂಡವರು ನೋಡಿದರೆ ಬೇರೆ ರಾಜ್ಯದವರು. ‘ಹಾಗಾದ್ರೆ ಅವರ ಕಾನೂನು ಇಲ್ಲಿಗೂ ಬರುತ್ತಾ?’ ಅಂತ ನನ್ನನ್ನು ಕೇಳುತ್ತಾರೆ.

ವಿಲೀನದ ಮಟ್ಟಿಗೆ ಬರಲ್ಲ. ಹಿಂದೆಲ್ಲ ಮಾರಾಟವಾಗುವ ಬ್ಯಾಂಕ್ ಇರುವ ರಾಜ್ಯದ ಮಾತೇ ನಡೆಯುತ್ತಿತ್ತು. ಆ ರಾಜ್ಯ ಕಾನೂನು ಮಾಡಿ ಒಪ್ಪಿದರೆ ಮಾತ್ರ ಹೊರಗಿನವರು ಕೊಳ್ಳಬಹುದು ಅಂತ 1956ರಲ್ಲಿ ಕೇಂದ್ರವೇ ಹೇಳಿತ್ತು. ಒಪ್ಪುವವರು ಯಾರು? 1975ರಲ್ಲಿ ಮೇನ್ ರಾಜ್ಯ, ‘ನೀವು ನಮ್ಮವರನ್ನು ಬಿಟ್ಟುಕೊಂಡರೆ ನಾವೂ ನಿಮ್ಮವರನ್ನು ಬಿಟ್ಟುಕೊಳ್ಳುತ್ತೇವೆ’ ಎಂದಿತು. ಏಳೆಂಟು ವರ್ಷ ಯಾರೂ ಕಿವಿಗೊಡಲಿಲ್ಲ. ಆಮೇಲೆ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಜಾಣತನ ತೋರಿಸಿದವು. ನ್ಯೂ ಇಂಗ್ಲೆಂಡ್ ಅಂತ ಕರೆಯುವ ಈಶಾನ್ಯ ಭಾಗದ ನೆರೆ ರಾಜ್ಯದವರಿಗಷ್ಟೇ ಬಾಗಿಲು, ನ್ಯೂಯಾರ್ಕಿನ ದೊಡ್ಡವರಿಗೆ ಇಲ್ಲ! ಸಿಟಿಬ್ಯಾಂಕಿನ ಒಡೆಯ ಕಂಪನಿ, ನ್ಯೂಯಾರ್ಕಿನ ಸಿಟಿಕಾರ್ಪ್ ಕೋರ್ಟಿಗೆ ಹೋಯಿತು. 1985ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳ ಪರವಾಗಿಯೇ ತೀರ್ಪು ಕೊಟ್ಟಿತು.

ನನಗೆ ಜಾಸ್ತಿ ಇಷ್ಟವಾದದ್ದು ಫ್ಲೋರಿಡಾ ಕಥೆ. ಹೊರಗಿನವರು ಬರಬಾರದು ಅಂತ ಅಲ್ಲಿ ಕಾನೂನಿತ್ತು. ಆದರೆ ಮೊದಲೇ ಒಳಗಿದ್ದವರಿಗೆ ಒಂದು ರಿಯಾಯಿತಿಯೂ ಇತ್ತು. ಉತ್ತರ ಕ್ಯಾರೊಲಿನಾ ರಾಜ್ಯದ ಬ್ಯಾಂಕಾದ ಎನ್‌ಸಿಎನ್‌ಬಿ ಹತ್ತಿರ ಅಲ್ಲಿಯ ಒಂದು ಸಣ್ಣ ಟ್ರಸ್ಟ್ ಕಂಪನಿ (ಬೇರೆಯವರ ಆಸ್ತಿ ನೋಡಿಕೊಳ್ಳುವ ಸಂಸ್ಥೆ) ಇತ್ತು. ಅವರ ವಕೀಲರು ಅದನ್ನೇ ಹಿಡಿದುಕೊಂಡು 1982ರಲ್ಲಿ ಲೇಕ್ ಸಿಟಿ ಎಂಬ ಊರಿನ ಬ್ಯಾಂಕ್ ಕೊಂಡರು. ತಮ್ಮ ರಾಜ್ಯದ ಕಾನೂನನ್ನು ಹೊತ್ತುಕೊಂಡು ಹೋಗಲಿಲ್ಲ, ನೋಡಿ. ಫ್ಲೋರಿಡಾದ ಕಾನೂನಿನಲ್ಲೇ ಸಂದು ಹುಡುಕಿದರು. ಮುಂದೆ ಇದೇ ಎನ್‌ಸಿಎನ್‌ಬಿ ಬೆಳೆದು, ಕೊಳ್ಳುತ್ತಾ ಕೊಳ್ಳುತ್ತಾ, ಇವತ್ತಿನ ಬ್ಯಾಂಕ್ ಆಫ್ ಅಮೆರಿಕ ಆಯಿತು.

1994ರಲ್ಲಿ ಕೇಂದ್ರದ ರೀಗಲ್–ನೀಲ್ ಕಾಯ್ದೆ ಬಂದ ಮೇಲೆ ಈ ತಡೆಗೋಡೆಗಳು ಬಿದ್ದವು. ಟೆಕ್ಸಾಸ್, ಮೊಂಟಾನಾ ಸ್ವಲ್ಪ ಕಾಲ ಹಟ ಹಿಡಿದವು, ಅಷ್ಟೆ. ಈಗಲೂ ರಾಜ್ಯಗಳ ಕೈಯಲ್ಲಿ ಒಂದಿಷ್ಟು ಉಳಿದಿದೆ. ಕೊಳ್ಳಲಾಗುವ ಬ್ಯಾಂಕಿಗೆ ಇಷ್ಟು ವರ್ಷ ಆಗಿರಬೇಕು ಅಂತ ಕೇಳಬಹುದು, ಐದು ವರ್ಷದವರೆಗೆ. ರಾಜ್ಯದ ಒಟ್ಟು ಠೇವಣಿಯಲ್ಲಿ ಒಂದು ಬ್ಯಾಂಕಿನ ಪಾಲು ಎಷ್ಟಿರಬೇಕು ಅಂತಲೂ ಮಿತಿ ಹಾಕಬಹುದು.

ನಮ್ಮಲ್ಲಿ ಈ ಜಗಳವೇ ಇಲ್ಲ ಅಲ್ವಾ? 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಪಾಲಾದಾಗ ಕರ್ನಾಟಕ ಸರ್ಕಾರದ ಒಪ್ಪಿಗೆ ಬೇಕಿರಲಿಲ್ಲ. ಬ್ಯಾಂಕಿಂಗ್ ಕೇಂದ್ರದ ಪಟ್ಟಿಯಲ್ಲಿದೆ.

ಅಮೆರಿಕದಲ್ಲಿ ನಿಜವಾಗಿ ಗಡಿ ದಾಟಿದ್ದು ಬಡ್ಡಿಯ ಕಾನೂನು. ನೆಬ್ರಾಸ್ಕಾದ ಬ್ಯಾಂಕ್ ಮಿನೆಸೊಟಾ ಗ್ರಾಹಕರಿಗೆ ತನ್ನ ರಾಜ್ಯದ ದರವನ್ನೇ ಹಾಕಬಹುದು ಅಂತ 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೆ ಸಿಟಿಬ್ಯಾಂಕ್ ತನ್ನ ಕ್ರೆಡಿಟ್ ಕಾರ್ಡ್ ವ್ಯವಹಾರವನ್ನು ಬಡ್ಡಿ ಮಿತಿಯಿಲ್ಲದ ಸೌತ್ ಡಕೋಟಾಕ್ಕೆ ಸಾಗಿಸಿತು. ನಿಮ್ಮ ಕಾರ್ಡಿನ ಬಡ್ಡಿ ನೋಡಿ ಸಿಟ್ಟು ಬಂದರೆ ಬೈಯಬೇಕಾದದ್ದು ಇದನ್ನು, ವಿಲೀನವನ್ನಲ್ಲ.

ಪತ್ರ ಬಂದವರು ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಎರಡೂ ಬ್ಯಾಂಕಿನಲ್ಲಿ ನಿಮ್ಮ ಹಣ ಇದ್ದರೆ, ವಿಲೀನವಾದ ಆರು ತಿಂಗಳವರೆಗೆ ಠೇವಣಿ ವಿಮೆ ಬೇರೆಬೇರೆಯಾಗಿಯೇ ಸಿಗುತ್ತೆ. ಆಮೇಲೆ ಎರಡೂ ಸೇರಿ ವಿಮೆಯ ಮಿತಿಯಾದ 2,50,000 ಡಾಲರ್ ದಾಟಿದರೆ, ಸ್ವಲ್ಪ ಹಣ ಬೇರೆ ಬ್ಯಾಂಕಿಗೆ ಹಾಕಿ.