ಗೀಸೆನ್‌ನಲ್ಲಿ ಲೀಬಿಗ್ ಲ್ಯಾಬ್

ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಉತ್ತರಕ್ಕೆ ಹೊರಟರೆ ರೈಲಿನಲ್ಲಿ ಸುಮಾರು ಒಂದು ಗಂಟೆಗೆ ಗೀಸೆನ್ ಸಿಗುತ್ತದೆ. ಲಾನ್ ನದಿ ದಡದ ಊರು. ಪ್ರವಾಸಿಗರು ಜಾಸ್ತಿ ಇಳಿಯುವ ಜಾಗವಲ್ಲ. 1944ರ ಡಿಸೆಂಬರ್‌ನಲ್ಲಿ ಬಿದ್ದ ಬಾಂಬುಗಳಿಗೆ ಹಳೇ ಪೇಟೆಯ ಬಹುಪಾಲು ನೆಲಸಮವಾಯಿತು. ಆದರೆ ಸ್ಟೇಷನ್‌ನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ, ಲೀಬಿಗ್ ಸ್ಟ್ರಾಸೆ ಎಂಬ ರಸ್ತೆಯಲ್ಲಿ, ಮುಂದೆ ಕಂಬಗಳ ಸಾಲಿರುವ ಒಂದು ಕಟ್ಟಡ ಉಳಿದುಕೊಂಡಿದೆ. ಕೆಮಿಸ್ಟ್ರಿ ಪಾಠ ಹೇಳುವ ನಾನು ಈ ಊರಿಗೆ ಬಂದದ್ದೇ ಅದನ್ನು ನೋಡಲು.

ಮೊದಲು ಅದು ಸೈನಿಕರ ಕಾವಲು ಮನೆ. 1824ರಲ್ಲಿ ಯುಸ್ಟುಸ್ ಲೀಬಿಗ್ ಇಲ್ಲಿಗೆ ಕೆಮಿಸ್ಟ್ರಿ ಪ್ರೊಫೆಸರ್ ಆಗಿ ಬಂದಾಗ ವಯಸ್ಸು ಬರೀ 21. ಡಾರ್ಮ್‌ಸ್ಟಾಟ್‌ನಲ್ಲಿ ಬಣ್ಣ, ಔಷಧಿ ಸಾಮಾನು ಮಾರುತ್ತಿದ್ದ ಅಂಗಡಿಯವರ ಮಗ. ಸಂತೆಯಲ್ಲಿ ಒಬ್ಬ ಬೆಳ್ಳಿಯಿಂದ ಸಿಡಿಮದ್ದು ಮಾಡುವುದನ್ನು ನೋಡಿ, ಮನೆಗೆ ಬಂದು ತಾವೂ ಮಾಡಿದ ಹುಡುಗ. ಮುಂದೆ ಪ್ಯಾರಿಸ್‌ನಲ್ಲಿ ವಿಜ್ಞಾನಿ ಗೇ-ಲುಸ್ಸಾಕ್ ಅವರ ಜೊತೆ ಕೆಲಸ ಕಲಿತರು. ಆಗಿನ ಹೆಸರಾಂತ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಶಿಫಾರಸು ಮಾಡಿದರು, ಗೀಸೆನ್ ಸೇರಿದ್ದ ಹೆಸ್ಸೆ ಸೀಮೆಯ ದೊರೆ ನೇಮಿಸಿದರು. ಗೀಸೆನ್‌ನ ಪ್ರೊಫೆಸರ್‌ಗಳನ್ನು ಯಾರೂ ಕೇಳಲಿಲ್ಲ. ಅವರಿಗೆ ಸಿಟ್ಟು ಬಂದಿದ್ದರೆ ಆಶ್ಚರ್ಯವಿಲ್ಲ, ಅಲ್ವಾ?

ಈಗ ಇಡೀ ಕಟ್ಟಡ ಮ್ಯೂಸಿಯಂ. 1920ರಿಂದಲೂ ಇದೆ. ಒಳಗೆ ಮೊದಲ ಲ್ಯಾಬ್ ಒಂದು ಸಣ್ಣ ಕೋಣೆ. ನಡುವೆ ಇದ್ದಿಲ ಒಲೆ, ಸುತ್ತ ಕೆಲಸದ ಮೇಜುಗಳು. ಹೊಗೆ ಹೋಗಲು ಸರಿಯಾದ ದಾರಿಯೇ ಇರಲಿಲ್ಲ. ಚಳಿಗಾಲದಲ್ಲೂ ಕಿಟಕಿ ತೆಗೆಯಬೇಕು. ಕೆಟ್ಟ ವಾಸನೆಯ ಪ್ರಯೋಗವಿದ್ದರೆ ಹೊರಗಿನ ಕಂಬಗಳ ಸಾಲಿಗೇ ಹೋಗಿ ಮಾಡುತ್ತಿದ್ದರು. ಹೆಂಡತಿ ಹೆನ್ರಿಯೆಟ್ಟೆ, ಮಕ್ಕಳು ಇದ್ದದ್ದು ಇದೇ ಕಟ್ಟಡದ ಮಹಡಿಯಲ್ಲಿ. ಆ ತಾಯಿ ಎಷ್ಟು ಹೊಗೆ ಕುಡಿದಿರಬೇಕೋ.

ನಾನು ತುಂಬಾ ಹೊತ್ತು ನಿಂತದ್ದು ಅಂಗೈಯಲ್ಲಿ ಹಿಡಿಸುವಂಥ ಒಂದು ಗಾಜಿನ ಸಾಮಾನಿನ ಮುಂದೆ. ಐದು ಬುರುಡೆಗಳನ್ನು ತ್ರಿಕೋನದಂತೆ ಬಗ್ಗಿಸಿ ಜೋಡಿಸಿದ ಕೊಳವೆ. ಹೆಸರು ಕಾಲಿಅಪರಾಟ್. 1831ರಲ್ಲಿ ಲೀಬಿಗ್ ಇದನ್ನು ಪ್ರಕಟಿಸಿದರು. ಸಕ್ಕರೆಯೋ ಎಣ್ಣೆಯೋ, ಯಾವುದರಲ್ಲಿ ಎಷ್ಟು ಕಾರ್ಬನ್ ಇದೆ ಎಂದು ತಿಳಿಯಬೇಕಾದರೆ ಅದನ್ನು ತಾಮ್ರದ ಆಕ್ಸೈಡ್ ಜೊತೆ ಬೆರೆಸಿ, ಗಾಜಿನ ಕೊಳವೆಯಲ್ಲಿಟ್ಟು, ಸುತ್ತ ಕೆಂಡ ಹಾಕಿ ಸುಡುತ್ತಾರೆ. ಬರುವ ನೀರಿನಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಹೀರುತ್ತದೆ. ಕಾರ್ಬನ್ ಡೈಆಕ್ಸೈಡ್ ಮುಂದಕ್ಕೆ ಹೋಗಿ ಈ ಬುರುಡೆಗಳಲ್ಲಿರುವ ಪೊಟ್ಯಾಶ್ ದ್ರಾವಣದಲ್ಲಿ ಗುಳುಗುಳು ಎನ್ನುತ್ತಾ ಕರಗುತ್ತದೆ. ಸುಡುವ ಮುಂಚೆ ಈ ಬುರುಡೆಗಳನ್ನು ಒಮ್ಮೆ ತೂಗು, ಆಮೇಲೆ ಒಮ್ಮೆ ತೂಗು. ಎಷ್ಟು ಭಾರ ಹೆಚ್ಚಿತೋ ಅಷ್ಟು ಗ್ಯಾಸ್, ಅದರಿಂದ ಕಾರ್ಬನ್ ಲೆಕ್ಕ ಸಿಗುತ್ತದೆ. ದ್ರಾವಣ ಉಕ್ಕಿದರೂ ಹೊರಗೆ ಚೆಲ್ಲದಂತೆ ಮೇಲಿನ ಎರಡು ಬುರುಡೆಗಳು ತಡೆಯುತ್ತವೆ.

ಇಷ್ಟೇ. ಆದರೆ ಇದಕ್ಕೂ ಮುಂಚೆ ಈ ಕೆಲಸ ಸ್ವೀಡನ್ನಿನ ಕೆಮಿಸ್ಟ್ ಬರ್ಜೀಲಿಯಸ್‌ರಂಥ ಪಳಗಿದ ಕೈಗೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈ ಗಾಜಿನ ಕೊಳವೆ ಬಂದಮೇಲೆ ಸಾಧಾರಣ ವಿದ್ಯಾರ್ಥಿಯೂ ಕಲಿತು ಮಾಡಬಹುದಾಯಿತು. ನನ್ನ ಮಟ್ಟಿಗೆ ಲೀಬಿಗ್ ಅವರ ದೊಡ್ಡ ಕೊಡುಗೆ ಇದೇ. ಕ್ಲೋರೋಫಾರ್ಮ್ ಕಂಡುಹಿಡಿದವರಲ್ಲಿ ಅವರೂ ಒಬ್ಬರು, ಗಾಜಿಗೆ ಬೆಳ್ಳಿ ಲೇಪಿಸಿ ಕನ್ನಡಿ ಮಾಡುವ ವಿಧಾನ ಕೊಟ್ಟವರೂ ಹೌದು. ಅವೆಲ್ಲಕ್ಕಿಂತ, ಮೇಧಾವಿಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸವನ್ನು ಕಲಿತವರೆಲ್ಲ ಮಾಡುವಂತೆ ಮಾಡಿದ್ದು ನನಗೆ ದೊಡ್ಡದು.

ಆ ಕಲಿಕೆ ನಡೆದ ಜಾಗ ಪಕ್ಕದಲ್ಲೇ ಇದೆ. 1839ರಲ್ಲಿ ಕಟ್ಟಿದ ದೊಡ್ಡ ಲ್ಯಾಬ್. ಎತ್ತರದ ಕಿಟಕಿಗಳು, ಹೊಗೆ ಎಳೆಯುವ ಗಾಜಿನ ಕಪಾಟುಗಳು. 1842ರಲ್ಲಿ ಟ್ರಾಟ್‌ಶೋಲ್ಡ್ ಎಂಬ ಕಲಾವಿದ ಇದರ ಚಿತ್ರ ಬರೆದರು. ಅದರಲ್ಲಿ ಯುವಕರು ಟೋಪಿ ಹಾಕಿಕೊಂಡೇ ಕೆಲಸ ಮಾಡುತ್ತಿದ್ದಾರೆ. ಮೆಕ್ಸಿಕೊದ ಓರ್ಟಿಗೋಸಾ ಇದ್ದಾರೆ. ಸಹಾಯಕ ಔಬೆಲ್ ಅವರನ್ನೂ ಬಿಟ್ಟಿಲ್ಲ. ಅದು ನನಗೆ ಬಹಳ ಹಿಡಿಸಿತು. ನಮ್ಮ ಕಾಲೇಜಿನ ಗ್ರೂಪ್ ಫೋಟೋದಲ್ಲೂ ಲ್ಯಾಬ್ ಅಟೆಂಡರ್‌ರನ್ನು ಕರೆದು ಕೂರಿಸಬೇಕು.

ಈ ಲ್ಯಾಬನ್ನು ಕಟ್ಟಿಸಿದ ವಾಸ್ತುಶಿಲ್ಪಿಯ ಮಗ ಹೋಫ್‌ಮನ್, ಕಾನೂನು ಓದುವುದನ್ನು ಬಿಟ್ಟು ಇಲ್ಲೇ ಕೆಮಿಸ್ಟ್ರಿ ಸೇರಿದರು. ಮುಂದೆ ಅವರು ಲಂಡನ್‌ನಲ್ಲಿ ಕಲಿಸಿದ ಪರ್ಕಿನ್ ಎಂಬ ಹುಡುಗ 1856ರಲ್ಲಿ ಮೊದಲ ಕೃತಕ ನೇರಳೆ ಬಣ್ಣ ಮಾಡಿದ. ಮುಂದೆ ದೊಡ್ಡ ಕೆಮಿಸ್ಟ್ ಆದ ಕೆಕುಲೆ ಗೀಸೆನ್‌ಗೆ ಬಂದದ್ದು ಕಟ್ಟಡ ವಿದ್ಯೆ ಓದಲು. ಲೀಬಿಗ್ ಪಾಠ ಕೇಳಿ ದಾರಿ ಬದಲಿಸಿದರು. ಪಾಠದ ಕೋಣೆಯ ಬೆಂಚಿನ ಮೇಲೆ ಸುಮ್ನೆ ಕೂತು ಇದನ್ನೆಲ್ಲ ನೆನೆಸಿಕೊಂಡೆ.

ಲೀಬಿಗ್ ಜಗಳಗಂಟರು. ಆದರೆ ಗೆಳೆಯ, ಅವರಂತೆಯೇ ಕೆಮಿಸ್ಟ್ ಆಗಿದ್ದ ವೋಲರ್ ವಿಷಯದಲ್ಲಿ ಬೇರೆಯೇ ಮನುಷ್ಯ. 1832ರಲ್ಲಿ ವೋಲರ್ ಅವರ ಹೆಂಡತಿ ತೀರಿಕೊಂಡಾಗ, ಬಾ, ಜೊತೆಗೆ ಕೆಲಸ ಮಾಡೋಣ ಎಂದು ಇಲ್ಲಿಗೆ ಕರೆಸಿಕೊಂಡರು. ಕಹಿ ಬಾದಾಮಿ ಎಣ್ಣೆಯ ಮೇಲೆ ಇಬ್ಬರೂ ಮಾಡಿದ ಆ ಕೆಲಸವನ್ನು ನಾವು ಇವತ್ತಿಗೂ ಪಾಠ ಮಾಡುತ್ತೇವೆ.

ಇನ್ನು ಗೊಬ್ಬರದ ಕಥೆ. ಗಿಡಕ್ಕೆ ಕಾರ್ಬನ್ ಬರುವುದು ಗಾಳಿಯಿಂದ, ಮಣ್ಣಿನಿಂದ ಬೇಕಾದದ್ದು ಖನಿಜ ಎಂದು 1840ರ ಪುಸ್ತಕದಲ್ಲಿ ಗಟ್ಟಿಯಾಗಿ ವಾದಿಸಿದರು. ಕಡಿಮೆ ಇರುವ ಒಂದೇ ಅಂಶ ಇಡೀ ಬೆಳೆಯನ್ನು ತಡೆಯುತ್ತದೆ ಎಂಬ ಮಾತು ಮೊದಲು ಹೇಳಿದ್ದು ಶ್ಪ್ರೆಂಗೆಲ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ. ಊರೂರಿಗೆ ಮುಟ್ಟಿಸಿದ್ದು ಲೀಬಿಗ್. ಅವರೇ ಮಾಡಿದ ಪೇಟೆಂಟ್ ಗೊಬ್ಬರ ಮಾತ್ರ ಸೋತಿತು. ಮಳೆಗೆ ಕೊಚ್ಚಿಹೋಗದಿರಲಿ ಎಂದು ಕರಗದಂತೆ ಮಾಡಿದ್ದರು. ಕರಗದೆ ಇದ್ದರೆ ಬೇರು ಹೀರುವುದು ಹೇಗೆ? ಸಾರಜನಕ ಗಾಳಿಯಿಂದಲೇ ಸಾಕಷ್ಟು ಸಿಗುತ್ತದೆ ಎಂಬ ಅವರ ಹಟವನ್ನೂ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಎಂಬಲ್ಲಿನ ಪ್ರಯೋಗದ ಹೊಲಗಳು ಸುಳ್ಳು ಮಾಡಿದವು. ಆದರೂ ನಮ್ಮೂರ ಅಂಗಡಿಯ ಗೊಬ್ಬರದ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟೆಷ್ಟಿದೆ ಎನ್ನಲು 10:26:26 ಎಂದು ಬರೆದಿರುತ್ತದಲ್ಲ, ಬೆಳೆಗೆ ಬೇಕಾದದ್ದನ್ನು ಹೀಗೆ ಲೆಕ್ಕ ಹಾಕಿ ಕೊಡುವ ಯೋಚನೆಯ ಹಿಂದೆ ಈ ಮನುಷ್ಯನಿದ್ದಾರೆ.

1852ರಲ್ಲಿ ಲೀಬಿಗ್ ಮ್ಯೂನಿಕ್‌ಗೆ ಹೋದರು. ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಹೊಣೆ ತಮಗೆ ಬೇಡ ಎಂಬ ಷರತ್ತು ಹಾಕಿಯೇ ಹೋದದ್ದು. 28 ವರ್ಷ ಹೊಗೆಯಲ್ಲಿ ದುಡಿದವರಿಗೆ ಸಾಕಾಗಿತ್ತು. 1873ರಲ್ಲಿ ಅಲ್ಲೇ ತೀರಿಕೊಂಡರು. ಗೀಸೆನ್ ವಿಶ್ವವಿದ್ಯಾಲಯ ಈಗ ಅವರ ಹೆಸರಿನಲ್ಲೇ ಇದೆ.

ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು: ಅದೇ ರಸ್ತೆಯಲ್ಲಿ ಮಾಥೆಮಾಟಿಕುಮ್ ಎಂಬ ಗಣಿತದ ಮ್ಯೂಸಿಯಂ ಇದೆ. ಅಲ್ಲಿ ಎಲ್ಲವನ್ನೂ ಮುಟ್ಟಿ, ಆಡಿ ನೋಡಬಹುದು. ಎರಡನ್ನೂ ಒಂದೇ ದಿನ ನೋಡಿ, ಸಂಜೆಗೆ ಫ್ರಾಂಕ್‌ಫರ್ಟ್‌ಗೆ ವಾಪಸ್ ಬರಬಹುದು.